ಬಲ್ದಿರಿಯ ಕ್ರಿಯಾಪದ

ಸುರೇಡಾ ಊರಿನಲ್ಲಿ ಯಾರನ್ನು ಕೇಳಿದರೂ ಬಲ್ದಿರಿ ದೊಡ್ಡ ವಿದ್ವಾಂಸನೆಂದೇ ಹೇಳುತ್ತಾರೆ. ಹೇಳುವಾಗ ಅವರ ಮುಖ ನೋಡಬೇಕು. ತುಟಿಯ ಒಂದು ಮೂಲೆ ತುಸು ಮೇಲಕ್ಕೆ ಹೋಗಿರುತ್ತದೆ. ವಿದ್ವಾಂಸನಿಗೆ ಅದು ಗೌರವದ ನಗೆಯಾಗಿ ಕಾಣುತ್ತದೆ. ಅವನ ಹೆಂಡತಿ ತೆಕ್ಲಾಳಿಗೆ ಮಾತ್ರ ಅದು ಏನೆಂದು ಗೊತ್ತು, ಏಕೆಂದರೆ ಊರಿಗೆ ಆ ನಗೆಯನ್ನು ಕಲಿಸಿದವಳೇ ಅವಳು.

ಬಲ್ದಿರಿ ಹುಟ್ಟಿದ್ದು ಕರಾವಳಿಯ ಕಡೆ, ಒಬ್ಬ ದರ್ಜಿಯ ಕಿರಿಯ ಮಗನಾಗಿ. ಸ್ಪೇನಿನ ನಮ್ಮ ಕತಲಾನ್ ಸೀಮೆಯಲ್ಲಿ ಆಸ್ತಿಯೆಲ್ಲ ಹಿರಿಯ ಮಗನಿಗೆ. ಉಳಿದವರು ಪಾದ್ರಿಯಾಗಬೇಕು, ಇಲ್ಲವೇ ಹಡಗು ಹತ್ತಬೇಕು, ಅದೂ ಆಗದಿದ್ದರೆ ಗಂಡುಮಕ್ಕಳಿಲ್ಲದ ಮನೆಯೊಂದನ್ನು ಹುಡುಕಿ ಅಲ್ಲಿಯ ಮಗಳನ್ನು ಕಟ್ಟಿಕೊಂಡು ಮನೆಯಳಿಯನಾಗಿ ಸೇರಿಕೊಳ್ಳಬೇಕು. ಬಲ್ದಿರಿಗೆ ದೇವರ ಮೇಲೆ ಅಷ್ಟೇನೂ ಭಕ್ತಿಯಿರಲಿಲ್ಲ, ಸಮುದ್ರ ಕಂಡರೆ ವಾಂತಿ ಬರುತ್ತಿತ್ತು. ಬಾಟಲಿಯ ಬಿರಡೆ ಮಾಡುವ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದಾಗ ಅದಕ್ಕೆ ಬೇಕಾದ ಮರದ ತೊಗಟೆಯ ಖರೀದಿಗೆಂದು ಗುಡ್ಡ ಹತ್ತಿ ಕಾನ್ ರೌರಾ ಎಂಬ ಮನೆಗೆ ಬಂದ. ಕಲ್ಲಿನ ದೊಡ್ಡ ಮನೆ, ಹಿಂದೆ ಗುಡ್ಡದ ತುಂಬ ಬಿರಡೆ ಮರಗಳು, ಒಬ್ಬಳೇ ಮಗಳು. ಬಂದವನು ಅಲ್ಲಿಯ ಬೆಂಚಿನ ಮೇಲೆ ಕುಳಿತ. ಇನ್ನೂ ಎದ್ದಿಲ್ಲ.

ಅವನು ಮನೆಯಳಿಯನಾದ ಬಗೆಯೂ ಕೇಳುವಂಥದ್ದೇ. ತೆಕ್ಲಾಳ ಅಪ್ಪ ಮುದುಕ ಕಿರ್ಜೆ ತಾನೇ ದ್ರಾಕ್ಷಿ ಹಿಂಡಿ ವೈನ್ ಮಾಡುತ್ತಿದ್ದ. ಆ ವರ್ಷ ಅದು ಹುಳಿತು ವಿನೆಗರ್ ಆಗಿತ್ತು. ಮುದುಕನಿಗೆ ಮಾತ್ರ ತನ್ನ ವೈನಿನ ಮೇಲೆ ಹೆಮ್ಮೆ. ತೊಗಟೆ ತೆಗೆಯುವ ಆಳುಗಳು ಅವನ ಬೆನ್ನು ತಿರುಗಿದೊಡನೆ ಅದನ್ನು ನೆಲಕ್ಕೆ ಸುರಿದುಬಿಡುತ್ತಿದ್ದರು. ಬಲ್ದಿರಿ ಹಾಗೆ ಮಾಡಲಿಲ್ಲ. ಉದ್ದ ಮೂತಿಯ ಗಾಜಿನ ಹೂಜಿಯನ್ನು ತಲೆಯ ಮೇಲೆತ್ತಿ, ಧಾರೆಯನ್ನು ನೇರ ಗಂಟಲಿಗೆ ಬಿಟ್ಟುಕೊಂಡು, ಹನಿಯೂ ಚೆಲ್ಲದೆ ಕುಡಿದ. ಹುಳಿಗೆ ಅವನ ಕಣ್ಣಲ್ಲಿ ನೀರು ಬಂತು.

"ಇಂಥ ವೈನ್ ನಾನು ಕುಡಿದೇ ಇಲ್ಲ, ಯಜಮಾನರೇ" ಎಂದ.

ಮುದುಕನ ಕಣ್ಣೂ ಒದ್ದೆಯಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತೆಕ್ಲಾಳಿಗೆ ನಗು ತಡೆಯಲಾಗಲಿಲ್ಲ. ಎಳೆ ಹುಡುಗಿ. ಈ ಹುಳಿಯನ್ನು ನುಂಗುತ್ತಾನೆಂದರೆ ತನ್ನ ಮೇಲೆ ಎಷ್ಟು ಪ್ರೀತಿಯಿರಬೇಕು ಎಂದುಕೊಂಡಳು. ಪ್ರೀತಿ ಯಾವುದರ ಮೇಲಿತ್ತೆಂದು ತಿಳಿಯುವ ಹೊತ್ತಿಗೆ ಮದುವೆಯೂಟ ಮುಗಿದಿತ್ತು.

ಕಾನ್ ರೌರಾದಲ್ಲಿ ಬಲ್ದಿರಿ ಮಾಡುವಂಥ ಕೆಲಸವೇನೂ ಇರಲಿಲ್ಲ. ಮರ ಅವನಿಗೆ ತಿಳಿಯದು, ಕೊಡಲಿ ಹಿಡಿದರೆ ಅಂಗೈಯಲ್ಲಿ ಬೊಬ್ಬೆ. ಬಾಗಿಲ ಮೇಲಿನ ಕಲ್ಲಿನಲ್ಲಿ ರೌರಾ ಎಂದು ಕೆತ್ತಿದೆ. ಮನೆ, ಗುಡ್ಡ ಎಲ್ಲವೂ ತೆಕ್ಲಾಳದು. ಮಗಳು ಹುಟ್ಟಿದಾಗ ಅವಳಿಗೂ ಕೊಲೋಮಾ ರೌರಾ ಎಂದೇ ಹೆಸರಾಯಿತು. ಅವನ ಹೆಸರು ಆ ಮನೆಯೊಳಗೆ ಬರುತ್ತಿದ್ದದ್ದು ಅಂಚೆಯವನ ಚೀಲದಲ್ಲಿ ಮಾತ್ರ. ಕೈ ಸುಮ್ಮನಿದ್ದಷ್ಟೂ ನಾಲಿಗೆ ಚುರುಕಾಯಿತು. ಮಾವ ಸತ್ತ ಮೇಲೆ ಊಟದ ಮೇಜಿನ ತುದಿಯ ಕುರ್ಚಿ ಹಿಡಿದ, ಆಮೇಲೆ ಊರಿನ ಸಂಘದ ಅಧ್ಯಕ್ಷನಾದ, ಕೊನೆಗೆ ಪದಗಳ ಹುಟ್ಟು ಹುಡುಕುವ ವಿದ್ವಾಂಸನಾದ. ಹುಡುಕಿ ಹುಡುಕಿ ಒಂದೇ ಒಂದು ಪದ ಹಿಡಿದ. ಅದು ‘ಫಿಕಾರ್’ ಎಂಬ ಕ್ರಿಯಾಪದ.

ಫಿಕಾರ್ ಎಂದರೆ ನಮ್ಮಲ್ಲಿ ಒಳಗೆ ಹಾಕು, ತೂರಿಸು, ನೆಡು. ಒಲೆಗೆ ಸೌದೆ ಹಾಕಿದರೆ ಫಿಕಾರ್, ಚೀಲಕ್ಕೆ ರೊಟ್ಟಿ ತುರುಕಿದರೆ ಫಿಕಾರ್. ಪರರ ವಿಷಯಕ್ಕೆ ಮೂಗು ತೂರಿಸಿದರೂ ಅದೇ. ಇಬ್ಬರು ಮಾತಾಡುವಾಗ ಮೂರನೆಯವನು ಬಾಯಿ ಹಾಕಿದರೆ ‘ಚಮಚ ಫಿಕಾರ್ ಮಾಡಿದ’ ಎನ್ನುತ್ತೇವೆ, ಎಡವಟ್ಟು ಮಾಡಿಕೊಂಡರೆ ‘ಕಾಲು ಫಿಕಾರ್ ಮಾಡಿದ’ ಎನ್ನುತ್ತೇವೆ. ಬೆಳಗಿನಿಂದ ಸಂಜೆಯವರೆಗೆ ಎಲ್ಲರ ಬಾಯಲ್ಲೂ ಓಡಾಡುವ, ಯಾರೂ ತಿರುಗಿ ನೋಡದ ಮಾತು. ಬಲ್ದಿರಿ ತಿರುಗಿ ನೋಡಿದ.

ರೋಮನರ ಲ್ಯಾಟಿನ್ನಿನಲ್ಲಿ ಮೊಳೆ ಹೊಡೆಯುವುದಕ್ಕೂ ಗೂಟ ನೆಡುವುದಕ್ಕೂ ‘ಫಿಗೆರೆ’ ಎನ್ನುತ್ತಿದ್ದರು. ಅದು ಜನರ ಬಾಯಲ್ಲಿ ಮೊದಲು ಉದ್ದವಾಗಿ, ಆಮೇಲೆ ಸವೆದು ಫಿಕಾರ್ ಆಯಿತು. ಇಷ್ಟು ನಿಜ, ಯಾವ ನಿಘಂಟಿನಲ್ಲಾದರೂ ಸಿಗುತ್ತದೆ. ಬಲ್ದಿರಿಗೆ ಸಿಕ್ಕಿದ್ದೂ ನಿಘಂಟಿನಲ್ಲೇ. ಆದರೆ ತಾನೇ ನೆಲ ಅಗೆದು ತೆಗೆದವನ ಹಾಗೆ ಆಡಿದ. ಅದೇ ನಿಘಂಟಿನ ಅದೇ ಪುಟದಲ್ಲಿ, ದೂರದ ಪೋರ್ಚುಗಲ್ಲಿನಲ್ಲೂ ಇದೇ ಪದವಿದೆ, ಅಲ್ಲಿ ಅದರ ಅರ್ಥ ಉಳಿ, ಇರು, ನಿಲ್ಲು ಎಂದಿತ್ತು. ಮೊಳೆ ಹೊಡೆದ ಮೇಲೆ ಅದು ಹೊಡೆದಲ್ಲೇ ಉಳಿಯುತ್ತದೆ, ಇದರಲ್ಲಿ ಸೋಜಿಗವೇನೂ ಇಲ್ಲ. ಬಲ್ದಿರಿ ಇದರ ಮೇಲೊಂದು ಸಿದ್ಧಾಂತ ಕಟ್ಟಿದ. ಹಬ್ಬದ ಭಾಷಣದಲ್ಲಿ, ಮದುವೆಯ ಊಟದಲ್ಲಿ, ಒಂದು ಸಲ ಶವದ ಪೆಟ್ಟಿಗೆಯ ಪಕ್ಕದಲ್ಲೂ ಅದನ್ನೇ ಹೇಳಿದ.

"ನಾವು ಮೊಳೆ ಹೊಡಿಯೋ ಜನ. ಅವ್ರು ಯಾರೋ ಹೊಡೆದ ಮೊಳೆಗೆ ಜೋತು ಬೀಳೋ ಜನ. ಒಂದು ಕ್ರಿಯಾಪದದಲ್ಲೇ ಎರಡು ದೇಶದ ಜಾತಕ ಇದೆ, ನೋಡಿ!"

ಹೆಂಡತಿಯ ಮನೆಯಲ್ಲಿ, ಹೆಂಡತಿಯ ಅಪ್ಪನ ಕುರ್ಚಿಯಲ್ಲಿ ಕುಳಿತು, ಹೆಂಡತಿ ಬೇಯಿಸಿದ ಬಿಳಿ ಅವರೆಯನ್ನು ಬಾಯಿಗೆ ಹಾಕಿಕೊಳ್ಳುತ್ತ ಈ ಮಾತು ಹೇಳುವುದಕ್ಕೆ ಎಂಥ ಎದೆಗಾರಿಕೆ ಬೇಕು! ತೆಕ್ಲಾ ಏನೂ ಅನ್ನುತ್ತಿರಲಿಲ್ಲ, ಪಾತ್ರೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಅವಳ ಮದುವೆಯ ಜೀವನವೆಲ್ಲ ಆ ಸದ್ದಿನಲ್ಲೇ ಕಳೆದಿತ್ತು.

ಇಂಥ ಮನೆಗೆ ಅದೆಲೀನೊ ಬಂದ. ಪೋರ್ಚುಗಲ್ಲಿನ ಬಿರಡೆ ಕಾಡಿನವನು. ಪ್ರತಿ ಜೂನಿನಲ್ಲಿ ತೊಗಟೆ ತೆಗೆಯುವ ತಂಡದೊಂದಿಗೆ ಗುಡ್ಡ ಹತ್ತಿ ಬಂದು ಬೇಸಿಗೆ ಮುಗಿದಾಗ ಹೋಗುವವನು. ಗಟ್ಟಿ ಆಳು, ದೊಡ್ಡ ಗಂಟಲು, ಹೊಗಳಿಕೊಳ್ಳುವುದರಲ್ಲೂ ಹಿಂದೆ ಬೀಳುವವನಲ್ಲ. ಕಾನ್ ರೌರಾದ ಪದ್ಧತಿಯಂತೆ ಆಳುಗಳೆಲ್ಲ ಮನೆಯವರ ಜೊತೆ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಮೊದಲ ಬೇಸಿಗೆಯಲ್ಲೇ ಬಲ್ದಿರಿ ಅವನನ್ನು ಹಿಡಿದುಕೊಂಡ. ಇಷ್ಟು ವರ್ಷ ಯಾವುದರ ಬಗ್ಗೆ ಭಾಷಣ ಮಾಡಿದ್ದನೋ ಅದು ಈಗ ಕಾಲು ಮೂಡಿ ನಡೆದು ಬಂದು ಎದುರಿಗೇ ಕುಳಿತಿತ್ತು. ಬಿಡುತ್ತಾನೆಯೇ? ಮೊಳೆ, ಜೋತು, ಜಾತಕ ಎಲ್ಲವನ್ನೂ ಒಪ್ಪಿಸಿದ.

ಅದೆಲೀನೊ ರೊಟ್ಟಿ ಅಗಿಯುತ್ತ ಕೇಳಿ, ಬಾಯಿ ಒರೆಸಿಕೊಂಡು, ಗೊಳ್ಳೆಂದು ನಕ್ಕ.

"ಇದೇನ್ ಸೆನ್ಯೋರೇ ನೀವು ಹೇಳೋದು! ನಮ್ಮಮ್ಮ ಬಾಗಿಲಲ್ಲಿ ನಿಂತು ‘ಫಿಕ’ ಅಂದ್ಲು ಅಂದ್ರೆ ಹೊರಟು ನಿಂತ ನೆಂಟ ಟೋಪಿ ತೆಗೆದು ಮತ್ತೆ ಕೂತ್ಕೋತಾನೆ. ಊರು ಎಲ್ಲಿದೆ ಅಂತ ಕೇಳೋಕೂ ಅದೇ ಮಾತು. ಖುಷಿ ಆದ್ರೂ ಅದೇ, ಬೇಜಾರಾದ್ರೂ ಅದೇ. ನಾಳೆ ಬರ್ತೀನಿ ಅಂತ ಮಾತು ಕೊಡೋಕೂ ಅದೇ. ನೀವು ಮೊಳೆ ಹೊಡೆದು ಸುತ್ತಿಗೆ ಎಸೆದು ಹೋಗ್ತೀರಿ, ನಾವು ಅದಕ್ಕೆ ಕೋಟು ನೇತುಹಾಕಿ ಸಂಸಾರ ಮಾಡ್ತೀವಿ. ಯಾವುದು ಮೇಲು?"

ಮೇಜಿನ ಸುತ್ತ ಎಲ್ಲರೂ ನಕ್ಕರು. ಬಲ್ದಿರಿಯ ಮುಖ ಬೆಂದ ಬೀಟ್‌ರೂಟಿನಂತಾಯಿತು. ತೆಕ್ಲಾ ಪೋರ್ಚುಗೀಸನ ತಟ್ಟೆಗೆ ಇನ್ನೊಂದು ತುಂಡು ಹಂದಿಯ ಸಾಸೇಜು ಹಾಕಿದಳು. ಮೇಜಿನ ಆ ಕಡೆ ಕೂತಿದ್ದ ಕೊಲೋಮಾ ತಲೆಯೆತ್ತಿ ಅವನನ್ನೇ ನೋಡಿದಳು. ತೆಕ್ಲಾ ಅದನ್ನೂ ಗಮನಿಸಿದಳು.

ಕೊಲೋಮಾ ತಾಯಿಯಂತೆಯೇ ಅಗಲ ಭುಜದ ಹೆಣ್ಣು. ಗುಡ್ಡದ ಕೆಲಸವೆಲ್ಲ ಅವಳದೇ, ಟ್ರ್ಯಾಕ್ಟರ್ ಅವಳೇ ಓಡಿಸುತ್ತಾಳೆ. ಮದುವೆಯ ಮಾತು ಬಂದರೆ, "ಯಾರನ್ನ ತಂದ್ರೂ ಇನ್ನೊಬ್ಬ ಅಪ್ಪನೇ ಬರ್ತಾನೆ" ಎಂದು ಅಡ್ಡಗಾಲು ಹಾಕುತ್ತಿದ್ದಳು. ಎರಡನೆಯ ಬೇಸಿಗೆ ಬರುವ ಹೊತ್ತಿಗೆ ಆ ಮಾತು ನಿಂತಿತು. ಮೂರನೆಯ ಬೇಸಿಗೆಯಲ್ಲಿ ಅದೆಲೀನೊ ತಂಡದ ಜೊತೆ ವಾಪಸು ಹೋಗದೆ ಚಳಿಗಾಲದವರೆಗೂ ಸೌದೆ ಕಡಿಯುತ್ತ ಇಲ್ಲೇ ಇದ್ದ. ನಾಲ್ಕನೆಯ ವಸಂತದಲ್ಲಿ ಕೊಲೋಮಾ ನೇರವಾಗಿ ಕೇಳಿದಳು.

"ಅಮ್ಮ, ಅವನು ನನ್ನ ಮದುವೆ ಆಗಿ ಇಲ್ಲೇ ಇರ್ತೀನಿ ಅಂತಾನೆ. ಮನೆ ನಿಂದು. ನೀನು ಹೂಂ ಅಂದ್ರೆ ಆಯ್ತು."

ತೆಕ್ಲಾ ಆಗಲೇ ಹೂಂ ಅನ್ನಬೇಕಿತ್ತು. ಅನ್ನಲಿಲ್ಲ, ಏಕೆಂದರೆ ಅಷ್ಟರಲ್ಲಿ ಅದೆಲೀನೊ ಬದಲಾಗಿದ್ದ. ಕುರ್ಚಿಯಲ್ಲಿ ಕುಳಿತವನನ್ನು ಒಲಿಸಿಕೊಂಡರೆ ಮನೆ ಒಲಿಯುತ್ತದೆಂದು ಯಾರು ಹೇಳಿದರೋ ಅವನಿಗೆ! ಬಲ್ದಿರಿ ಬಾಯಿ ತೆರೆದರೆ ಚಮಚ ಕೆಳಗಿಟ್ಟು ಕೇಳುತ್ತಿದ್ದ. ತಲೆದೂಗುತ್ತಿದ್ದ. ಚಳಿಗಾಲದಲ್ಲೊಂದು ದಿನ ಬಲ್ದಿರಿ ಮತ್ತೆ ಮೊಳೆ ಮತ್ತು ಜೋತಿನ ಕಥೆ ತೆಗೆದಾಗ ಅದೆಲೀನೊ ನಗಲಿಲ್ಲ.

"ನೀವು ಹೇಳೋದೇ ಸರಿ ಸೆನ್ಯೋರೇ" ಎಂದ. "ನಮ್ಮೋರು ಸೋಮಾರಿಗಳು. ಗಟ್ಟಿಮುಟ್ಟಾದ ಪದಾನ ಕೂರಿಸಿ ಕೂರಿಸಿ ಹಾಳ್ಮಾಡಿಬಿಟ್ರು."

ತೆಕ್ಲಾ ಕೈಯಲ್ಲಿದ್ದ ಪಾತ್ರೆಯನ್ನು ಆ ದಿನ ಸದ್ದಿಲ್ಲದೆ ಇಟ್ಟಳು. ಎಲ್ಲೋ ದೂರದಲ್ಲಿ ಬಾಗಿಲಲ್ಲಿ ನಿಂತು ‘ಫಿಕ’ ಎನ್ನುವ ಆ ತಾಯಿ, ಕಾಣದ ಹೆಂಗಸು, ಅವಳ ಕಣ್ಣ ಮುಂದೆ ಬಂದಳು. ಒಂದು ಬಟ್ಟಲು ಅವರೆಗೆ ಮಗ ಅವಳ ಮಾತನ್ನು ಮಾರಿದ್ದ. ಬಲ್ದಿರಿ ಮಾತ್ರ ಉಬ್ಬಿ, "ಹುಡ್ಗ ಬುದ್ಧಿವಂತ. ಪೋರ್ಚುಗೀಸ್ ಅಂತ ಹೇಳೋಕಾಗಲ್ಲ" ಎಂದು ಊರೆಲ್ಲ ಸಾರಿದ. ಇದ್ದಕ್ಕಿದ್ದಂತೆ ಮದುವೆಗೆ ಅವನೇ ಎಲ್ಲರಿಗಿಂತ ಆತುರಪಟ್ಟ. ಕೇಳುವ ಕಿವಿಯೊಂದು ಮನೆಯಲ್ಲೇ ಸಿಗುವುದಾದರೆ ಯಾರಿಗೆ ಬೇಡ!

ಆದರೂ ಮಗಳ ಮುಖ ನೋಡಿ ತೆಕ್ಲಾ ಒಂದು ಆಸೆ ಇಟ್ಟುಕೊಂಡಳು. ಮೇಜಿನ ಮುಂದೆ ನಾಲಿಗೆ ಸಡಿಲವಾದ ಮಾತ್ರಕ್ಕೆ ಗಂಡಸು ಪೂರ್ತಿ ಕೆಟ್ಟ ಎನ್ನಲಾಗದು. ಮರದ ಮುಂದೆ ಅವನು ಹೇಗೆ ನಿಲ್ಲುತ್ತಾನೋ ನೋಡಬೇಕು. "ತೊಗಟೆ ತೆಗೆಯೋ ಮೊದಲ ದಿನ ಮುಗೀಲಿ. ಸಂಜೆ ಹೇಳ್ತೀನಿ" ಎಂದು ಮಗಳಿಗೆ ಮಾತು ಕೊಟ್ಟಳು.

ಮೊದಲ ದಿನಕ್ಕೆ ಕಾನ್ ರೌರಾದಲ್ಲಿ ಒಂದು ಪದ್ಧತಿಯಿದೆ. ಅಂಗಳದಾಚೆ ಅಜ್ಜಿಮರ ಎಂದು ಕರೆಯುವ ಎಲ್ಲಕ್ಕಿಂತ ಹಳೆಯ ಬಿರಡೆ ಮರವಿದೆ. ಮೊದಲ ಏಟು ಅದಕ್ಕೇ. ತೊಗಟೆ ಒಮ್ಮೆ ತೆಗೆದರೆ ಮತ್ತೆ ಬಲಿಯಲು ಹತ್ತು ಹನ್ನೆರಡು ವರ್ಷ ಬೇಕು, ಆದ್ದರಿಂದ ಒಂದು ವರ್ಷ ಬುಡ, ಒಂದು ವರ್ಷ ನಡು, ಆಮೇಲೆ ವರ್ಷಕ್ಕೊಂದು ಕೊಂಬೆ ಎಂದು ಅದನ್ನು ಅಷ್ಟು ಭಾಗ ಮಾಡಿ ಇಟ್ಟಿದ್ದಾರೆ. ಏಟು ಹಾಕುವವನು ಮನೆಯ ಯಜಮಾನ. ಆದರೆ ಅದಕ್ಕೂ ಮೊದಲು ತಂಡದ ಮೇಸ್ತ್ರಿ ಕೊಡಲಿಯಿಂದ ಒಂದು ಸಣ್ಣ ಗೀರು ಹಾಕಿ, ಸದ್ದು ಕೇಳಿ, ಒಂದೇ ಮಾತು ಹೇಳಬೇಕು. ‘ಕೊಡುತ್ತದೆ’, ಇಲ್ಲವೇ ‘ಕೊಡುವುದಿಲ್ಲ’. ಕೊಡುತ್ತದೆ ಎಂದರೆ ತೊಗಟೆ ಒಳಗಿನಿಂದ ಸಡಿಲಾಗಿದೆ, ಹಲಗೆಯಂತೆ ಎದ್ದು ಬರುತ್ತದೆ. ಕೊಡುವುದಿಲ್ಲ ಎಂದರೆ ಯಜಮಾನನಿರಲಿ, ಬಿಷಪ್ಪನೇ ಬಂದರೂ ಎಲ್ಲರೂ ಕೊಡಲಿ ಹೆಗಲಿಗೇರಿಸಿ ಮನೆಗೆ ಹೋಗಬೇಕು. ಬಲವಂತ ಮಾಡಿದರೆ ಹೊರ ತೊಗಟೆಯ ಜೊತೆಗೆ ಅದರಡಿಯ ತಾಯಿ ತೊಗಟೆಯೂ ಕಿತ್ತು ಬರುತ್ತದೆ. ನಮ್ಮಲ್ಲೂ ಪೋರ್ಚುಗಲ್ಲಿನಲ್ಲೂ ಅದನ್ನು ತಾಯಿ ಎಂದೇ ಕರೆಯುತ್ತಾರೆ. ತಾಯಿ ಹೋದಲ್ಲಿ ಆ ಮರ ಮತ್ತೆ ಬಿರಡೆ ಕೊಡುವುದಿಲ್ಲ.

ವರ್ಷಗಟ್ಟಲೆ ಆ ಮಾತು ಹೇಳಿದವನು ಮುದುಕ ಗ್ರಾವ್. ಬೇರೆ ಮಾತೇ ಬಾರದವನಂತೆ ಇದ್ದ. ಈ ಸಲ ಅವನ ಮಂಡಿ ಕೈಕೊಟ್ಟು ಮನೆ ಹಿಡಿದಿದ್ದ. "ಮೇಸ್ತ್ರಿ ಕೆಲಸಕ್ಕೆ ಅದೆಲೀನೊ ಇರಲಿ" ಎಂದವಳು ತೆಕ್ಲಾ. ಬಲ್ದಿರಿ ಮೀಸೆಯಲ್ಲೇ ನಕ್ಕು ಮೆಚ್ಚಿಕೊಂಡ. ಕೊಲೋಮಾ ಅಮ್ಮನ ಮುಖ ನೋಡಿ, ಇದು ಪರೀಕ್ಷೆಯೆಂದು ಅರ್ಥಮಾಡಿಕೊಂಡಳು.

ಮೊದಲ ದಿನಕ್ಕೆ ಬಲ್ದಿರಿ ಭಾರಿ ಏರ್ಪಾಡು ಮಾಡಿದ್ದ. ಸಂಘದ ಸದಸ್ಯರೆಲ್ಲ ಬಿಳಿ ಅಂಗಿ ತೊಟ್ಟು ಬಂದಿದ್ದರು. ಪೇಟೆಯ ರೇಡಿಯೊದಿಂದ ಒಬ್ಬ ಮೈಕು ಹಿಡಿದು ಬಂದಿದ್ದ. ಪದವೊಂದು ಹುಟ್ಟಿದ ಬಗೆಯನ್ನು ಕೊಡಲಿಯಿಂದಲೇ ತೋರಿಸುತ್ತೇನೆ ಎಂದು ಬಲ್ದಿರಿ ಅವನಿಗೆ ಆಸೆ ಹುಟ್ಟಿಸಿದ್ದ. ಎಲ್ಲ ಇತ್ತು, ಮರವನ್ನು ಕೇಳುವುದೊಂದು ಬಿಟ್ಟುಹೋಗಿತ್ತು. ಮೂರು ದಿನದಿಂದ ಬಡಗಣ ಗಾಳಿ ಬೀಸುತ್ತಿತ್ತು, ಮೈಯ ಚರ್ಮವೂ ಒಣಗಿ ಬಿರಿಯುವಂಥ ಗಾಳಿ. ಆ ಗಾಳಿ ಬೀಸಿದರೆ ತೊಗಟೆ ಮರಕ್ಕೆ ಅಂಟಿಕೊಳ್ಳುತ್ತದೆ. ಇದು ಕಾನ್ ರೌರಾದ ಕೋಳಿಗಳಿಗೂ ಗೊತ್ತು.

ಬಲ್ದಿರಿ ಭಾಷಣ ಮುಗಿಸಿದ. ಮೊಳೆ ಬಂತು, ಗೂಟ ಬಂತು, ರೋಮಿನ ಸಿಪಾಯಿಗಳು ಬಂದರು. "ಈಗ ನಮ್ಮ ಮೇಸ್ತ್ರಿ ಮರದ ಅಪ್ಪಣೆ ಕೇಳ್ತಾನೆ" ಎಂದು ಕೈ ಬೀಸಿದ.

ಅದೆಲೀನೊ ಮುಂದೆ ಬಂದು ಕೊಡಲಿಯ ಮೊನೆಯಿಂದ ನಡುವಿನಲ್ಲಿ ಒಂದು ಗೀರು ಹಾಕಿ, ಅಲಗನ್ನು ಮೆಲ್ಲಗೆ ತಿರುಚಿದ. ತೊಗಟೆ ಕೊಡುವಾಗ ಖಾಲಿ ಪೀಪಾಯಿ ತಟ್ಟಿದಂಥ ಸದ್ದು ಬರುತ್ತದೆ. ಈಗ ಬಂದದ್ದು ಒದ್ದೆ ಗೋಣಿಗೆ ಹೊಡೆದಂಥ ಸದ್ದು. ತೆಕ್ಲಾಳಿಗೆ ಕೇಳಿಸಿತು. ಪಕ್ಕದಲ್ಲಿದ್ದ ಕೊಲೋಮಾಳಿಗೂ ಕೇಳಿಸಿತು. ತಂಡದ ಆಳುಗಳು ಆಗಲೇ ನೀರಿನ ಡಬ್ಬಿಗಳನ್ನು ಎತ್ತಿಕೊಳ್ಳುತ್ತಿದ್ದರು, ಮನೆಗೆ ಹೋಗುವುದೆಂದು. ಅದೆಲೀನೊನಿಗೆ ಎಲ್ಲರಿಗಿಂತ ಮೊದಲೇ ಕೇಳಿಸಿತ್ತು. ಅವನು ತಿರುಗಿ ಬಲ್ದಿರಿಯನ್ನು ನೋಡಿದ, ಮೈಕು ನೋಡಿದ, ಬಿಳಿ ಅಂಗಿಗಳನ್ನು ನೋಡಿದ. ಕೊಲೋಮಾಳ ಕಡೆ ಮಾತ್ರ ನೋಡಲಿಲ್ಲ.

ಹೇಳಪ್ಪಾ, ಕೊಡಲ್ಲ ಅನ್ನು ಎಂದು ತೆಕ್ಲಾ ಮನಸ್ಸಿನಲ್ಲೇ ಬೇಡಿದಳು. ಯಾರನ್ನೂ ಬೇಡಿದವಳಲ್ಲ ಅವಳು.

"ಕೊಡ್ತದೆ, ಸೆನ್ಯೋರೇ" ಎಂದ ಅದೆಲೀನೊ. "ಇಂಥ ಮರ ನಾನು ನೋಡೇ ಇಲ್ಲ."

ತೆಕ್ಲಾಳ ಬಾಯಲ್ಲಿ ಆ ಕ್ಷಣ ವಿನೆಗರಿನ ಹುಳಿ ತುಂಬಿಕೊಂಡಿತು. ನಿಲ್ಲಿಸಿ ಎಂದು ಕೂಗಬಹುದಿತ್ತು. ಮರ ಅವಳದು, ಗುಡ್ಡ ಅವಳದು. ಇಷ್ಟು ಜನರ ಮುಂದೆ ಮನೆಯ ಮಾನ ಹೋಗುತ್ತದೆಂದು ಏಪ್ರನ್ನಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಬಲ್ದಿರಿ ಕೊಡಲಿ ಎತ್ತಿ ತನಗೆ ಬಂದಂತೆ ಬೀಸಿದ, ಸೀಳಿನಲ್ಲಿ ಕೊಡಲಿಯ ಹಿಡಿಕೆಯ ತುದಿಯನ್ನು ತೂರಿಸಿ, "ಫಿಕಾರ್!" ಎಂದು ಮೈಕಿಗೆ ಕೂಗಿ, ಪೂರ್ತಿ ಭಾರ ಹಾಕಿ ಮೀಟಿದ. ಬಟ್ಟೆ ಹರಿದಂತೆ ಸದ್ದಾಯಿತು. ಹಲಗೆ ಎದ್ದು ಬಂತು, ಅದರ ಬೆನ್ನಿಗೆ ಅಂಟಿಕೊಂಡು ತಾಯಿಯೂ ಬಂತು. ಮರದ ನಡುವಿನಲ್ಲಿ ಅಂಗೈಯಗಲದ ಬೋಳು ಕಾಣಿಸಿತು, ಸುಲಿದ ಮಂಡಿಯಂತೆ ಒದ್ದೆಯಾಗಿ.

ಸಂಘದವರು ಚಪ್ಪಾಳೆ ತಟ್ಟಿದರು. ಅವರಲ್ಲಿ ಅರ್ಧ ಜನ ಬಿರಡೆ ಕಾಡಿನಲ್ಲೇ ಹುಟ್ಟಿ ಬೆಳೆದವರು, ಆ ಗಾಯ ಏನೆಂದು ಗೊತ್ತಿದ್ದವರು. ಅವರೂ ತಟ್ಟಿದರು. ಊಟ ಇತ್ತಲ್ಲ.

"ಒಳ್ಳೆ ಏಟು!" ಎಂದ ಅದೆಲೀನೊ. ಅವನ ದೊಡ್ಡ ಗಂಟಲು ಆಗ ತುಂಬ ಸಣ್ಣದಾಗಿತ್ತು.

ಬಲ್ದಿರಿ ರೇಡಿಯೊದವನ ಹೆಗಲ ಮೇಲೆ ಕೈ ಹಾಕಿಕೊಂಡು ಎಲ್ಲರನ್ನೂ ಮನೆಯೊಳಕ್ಕೆ ಕರೆದುಕೊಂಡು ಹೋದ. ಮರದ ಹತ್ತಿರ ತಾಯಿ, ಮಗಳು, ಮೇಸ್ತ್ರಿ ಮೂವರೇ ಉಳಿದರು. ಅದೆಲೀನೊ ಬಿಳಿ ಬಣ್ಣದ ಡಬ್ಬಿ ಮತ್ತು ಕುಂಚ ತಂದ. ತೊಗಟೆ ತೆಗೆದ ಮರದ ಮೇಲೆ ಆ ವರ್ಷದ ಕೊನೆಯ ಅಂಕಿ ಬರೆಯುವುದು ಅವರ ಕಡೆಯ ಪದ್ಧತಿ, ಮತ್ತೆ ಯಾವಾಗ ಬಂದು ತೆಗೆಯಬೇಕೆಂದು ತಿಳಿಯಲಿ ಎಂದು. ಅವನೇ ಅದನ್ನು ಕಾನ್ ರೌರಾಕ್ಕೆ ತಂದಿದ್ದ. ಕುಂಚ ಅದ್ದಿದ ಮೇಲೆ ಎಲ್ಲಿ ಬರೆಯಬೇಕೆಂದು ಅವನಿಗೇ ತೋಚಲಿಲ್ಲ.

"ಕೊಡ್ತಿತ್ತಾ?" ಎಂದು ಕೇಳಿದಳು ಕೊಲೋಮಾ.

"ಕೊಲೋಮಾ, ಅಷ್ಟು ಜನ ಇದ್ರು. ನಿಮ್ಮಪ್ಪಂಗೆ ಮುಖಭಂಗ ಆಗ್ತಿತ್ತು."

"ಕೊಡ್ತಿತ್ತಾ ಅಂತ ಕೇಳ್ದೆ."

"ನಮ್ಮಿಬ್ಬರಿಗೋಸ್ಕರ ಹೇಳ್ದೆ ಕಣೇ! ಇವತ್ತು ಸಂಜೆ ನಿಮ್ಮಮ್ಮ ದೋನ ತೆಕ್ಲಾ ಒಪ್ಪಿಗೆ ಕೊಡೋ ದಿನ. ಅಪ್ಪನ್ನ ಎದುರು ಹಾಕ್ಕೊಂಡು ನಾನು ಈ ಮನೆಗೆ ಹೇಗೆ ಬರ್ಲಿ?" ಅವನು ತೆಕ್ಲಾಳ ಕಡೆ ತಿರುಗಿದ. "ನೀವೇ ಹೇಳಿ ದೋನ ತೆಕ್ಲಾ. ಒಂದು ಮರ ತಾನೇ?"

ತೆಕ್ಲಾ ಹೇಳಿದ್ದು ಬೇರೆ. ಯಾಕೆ ಹೇಳಿದಳೋ, ಇಷ್ಟು ವರ್ಷ ನಗುತ್ತ ನಗುತ್ತ ಒಳಗೇ ಇಟ್ಟುಕೊಂಡಿದ್ದ ವಿನೆಗರಿನ ಕಥೆಯನ್ನು ಆಗ ಮಗಳಿಗೆ ಹೇಳಿಬಿಟ್ಟಳು. ಮುದುಕ ಕಿರ್ಜೆ, ಎತ್ತಿ ಹಿಡಿದ ಹೂಜಿ, ಕಣ್ಣಲ್ಲಿ ನೀರು, ಇಂಥ ವೈನ್ ಕುಡಿದೇ ಇಲ್ಲ ಎಂಬ ಮಾತು. "ಹೂಜಿ ಬದಲು ಮರ, ಅಷ್ಟೇ" ಎಂದಳು. ಅದೆಲೀನೊ ಕೊನೆಯವರೆಗೂ ಕೇಳಿದ. ಕೇಳಿ ಕುಂಚ ಕೆಳಗಿಳಿಸಿದ.

ಕೊಲೋಮಾ ನಗಲಿಲ್ಲ. "ಅದು ವಿನೆಗರ್ ಅಂತ ನಿಂಗೆ ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಮದುವೆ ಆದ್ಯಾ?"

"ಆದೆ."

"ಯಾಕಮ್ಮಾ?"

ಗಂಡನ ಬಗ್ಗೆ ಯಾರು ಏನು ಕೇಳಿದರೂ ಅವಳ ನಾಲಿಗೆಯ ತುದಿಯಲ್ಲಿ ಒಂದು ಕುಟುಕು ಸಿದ್ಧವಿರುತ್ತಿತ್ತು. ಈಗ ಒಂದೂ ಸಿಗಲಿಲ್ಲ. ಬಲ್ದಿರಿಯನ್ನು ಹಂಗಿಸುವುದರಲ್ಲಿ ಎಷ್ಟು ಪಳಗಿದ್ದಳೆಂದರೆ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಉಳಿದುಹೋಗಿದೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ.

ಮಗಳು ಅದೆಲೀನೊನ ಕೈಯಿಂದ ಕುಂಚ ತೆಗೆದುಕೊಂಡು ಡಬ್ಬಿಯೊಳಗೆ ಅದ್ದಿ ಬಿಟ್ಟಳು.

"ಅಂಕಿ ಬೇಡ. ಈ ಮರ ಇನ್ನು ಕೊಡಲ್ಲ, ಮತ್ತೆ ಬರೋ ಲೆಕ್ಕ ಯಾಕೆ? ನಿನ್ನ ಸಾಮಾನು ತಗೋ. ನಾನು ಟ್ರ್ಯಾಕ್ಟರಿನಲ್ಲಿ ಬಸ್ಸಿನ ತನಕ ಬಿಡ್ತೀನಿ."

"ಒಂದು ಮಾತಿಗೆ ಇಷ್ಟಾ?"

"ನಿನ್ನ ಕೇಳಿದ್ದು ಒಂದೇ ಮಾತು."

ಅದೆಲೀನೊ ಒಮ್ಮೆ ತೆಕ್ಲಾಳನ್ನು ನೋಡಿದ. ಅವಳು ಮರದ ಗಾಯವನ್ನು ನೋಡುತ್ತಿದ್ದಳು. ಒಳಗಿನ ಬಿಳುಪು ಗಾಳಿಗೆ ಆಗಲೇ ಕೆಂಪೇರಲು ಹತ್ತಿತ್ತು.

ಮನೆಯೊಳಗೆ ಊಟ ಜೋರಾಗಿ ನಡೆದಿತ್ತು. ತೆಕ್ಲಾ ಬಡಿಸಿದಳು, ಬಲ್ದಿರಿ ಮಾತಾಡಿದ. ರೇಡಿಯೊದವನು ಮೈಕು ಬದಿಗಿಟ್ಟು ಸಾಸೇಜಿನ ಕಡೆ ಗಮನ ಕೊಟ್ಟಿದ್ದ. ಸಿಹಿ ತಿನಿಸು ಬರುವ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ಅಂಗಳದಲ್ಲಿ ನಿಂತಿತು. ಕೊಲೋಮಾ ಒಬ್ಬಳೇ ಒಳಗೆ ಬಂದು ತನ್ನ ಜಾಗದಲ್ಲಿ ಕುಳಿತಳು. ಬೆರಳುಗಳಿಗೆ ಬಿಳಿ ಬಣ್ಣ ಮೆತ್ತಿಕೊಂಡಿತ್ತು.

"ಎಲ್ಲಿ ಹುಡ್ಗ?" ಎಂದ ಬಲ್ದಿರಿ. "ಬಾ ಅನ್ನು, ನನ್ನ ಪಕ್ಕ ಕೂರ್ಲಿ. ಎಲ್ರಿಗೂ ಹೇಳ್ಬಿಡೋಣ. ಅವನು ಇಲ್ಲೇ ಇರ್ತಾನೆ, ನಾನು ತೀರ್ಮಾನ ಮಾಡಿದೀನಿ."

"ಹೋದ."

"ಎಲ್ಲಿಗೆ?"

"ಅವನ ಊರಿಗೆ. ಇನ್ನು ಬರಲ್ಲ."

ಬಲ್ದಿರಿ ಮಗಳ ಮುಖ ನೋಡಲಿಲ್ಲ. ಅವಳ ಕಣ್ಣು ಕೆಂಪಾಗಿದ್ದದ್ದನ್ನು ಸಾಸೇಜು ತಿನ್ನುತ್ತಿದ್ದ ಅಪರಿಚಿತ ರೇಡಿಯೊದವನೂ ನೋಡಿ ತಲೆ ತಗ್ಗಿಸಿದ. ಬಲ್ದಿರಿ ಹುಬ್ಬು ಗಂಟಿಕ್ಕಿ, ಬಹಳ ನೊಂದವನಂತೆ ಚಮಚ ಕೆಳಗಿಟ್ಟ.

"ಹೋಗೋದಕ್ಕೆ ಹೇಗಾಗ್ತದೆ? ಅವ್ರು ಉಳಿಯೋ ಜನ! ಆ ಕ್ರಿಯಾಪದವೇ ಹಾಗೆ ಹೇಳ್ತದಲ್ಲ. ಹಾಗಾದ್ರೆ ನನ್ನ ಸಿದ್ಧಾಂತ ಏನಾಗ್ಬೇಕು?"

ತೆಕ್ಲಾ ಗಂಡನ ಹಿಂದೆಯೇ ನಿಂತಿದ್ದಳು. ಕೈಯಲ್ಲಿದ್ದ ಪಾತ್ರೆಯನ್ನು ಮೇಜಿಗೆ ಕುಕ್ಕಿದಳು. ತಟ್ಟೆಗಳು ಅದುರಿದವು.

"ನಿನ್ನ ಸಿದ್ಧಾಂತಕ್ಕೆ ಏನೂ ಆಗಿಲ್ಲ, ಬಲ್ದಿರಿ. ಜೋತು ಬಿದ್ದೋನು ಇಲ್ಲೇ ಇದಾನೆ, ಅವರೆ ತಿಂತಾ ಇದಾನೆ. ಮನೆ ನಂದು. ಇಲ್ಲಿ ತೀರ್ಮಾನ ಮಾಡೋಕೆ ನೀನು ಯಾರು?"

ಬಿಳಿ ಅಂಗಿಗಳಲ್ಲಿ ಒಂದಿಬ್ಬರು ಕೆಮ್ಮಿದರು. ಎಷ್ಟೋ ವರ್ಷಗಳಿಂದ ಅವಳು ಬಾಯೊಳಗೆ ಸಾಣೆ ಹಿಡಿದಿಟ್ಟ ಮಾತು ಅದು. ಆಡಿದ ಮೇಲೆ ಮಗಳ ಕಡೆ ನೋಡಿದಳು, ಒಂದು ಮೆಚ್ಚುಗೆ ಸಿಕ್ಕೀತೆಂದು. ಕೊಲೋಮಾ ತಾಯಿಯನ್ನೇ ನೋಡುತ್ತಿದ್ದಳು. ತುಟಿಯ ಒಂದು ಮೂಲೆ ತುಸು ಮೇಲಕ್ಕೆ ಹೋಗಿತ್ತು.

ಆ ನಗೆ ತೆಕ್ಲಾಳಿಗೆ ಚೆನ್ನಾಗಿ ಗೊತ್ತು. ಊರಿಗೆಲ್ಲ ಕಲಿಸಿದವಳೇ ಅವಳು. ಆದರೆ ಅದು ತನ್ನ ಕಡೆ ತಿರುಗಿದ್ದನ್ನು ಈವರೆಗೆ ಕಂಡಿರಲಿಲ್ಲ.

"ಈ ಮಾತು ಬೆಳಿಗ್ಗೆ ಮರದ ಹತ್ರ ಹೇಳಿದ್ರೆ ಆಗ್ತಿತ್ತು, ಅಮ್ಮ" ಎಂದು ಕೊಲೋಮಾ ರೊಟ್ಟಿ ಮುರಿದುಕೊಂಡಳು.